ಇಲಿಯ ಲೆಕ್ಕ, ರೈಟರ ಲೆಕ್ಕ: ಒಂದು ಉಬ್ಬಸದ ಪ್ರಕರಣ

ಫೆಬ್ರವರಿ ಎರಡನೇ ವಾರ. ರೊಬಸ್ಟಾ ಕುಯ್ಲು ಜೋರಾಗಿತ್ತು. ಈ ದಿನಗಳಲ್ಲಿ ಮಡಿಕೇರಿಯ ನನ್ನ ಕ್ಲಿನಿಕ್‌ಗೆ ಬರುವ ಅರ್ಧ ಜನ ಕೆಮ್ಮುತ್ತಲೇ ಮೆಟ್ಟಿಲು ಹತ್ತುತ್ತಾರೆ. ಸುಂಟಿಕೊಪ್ಪ ಕಡೆಯ ಈ ರೈಟರೂ ಹಾಗೇ ಬಂದರು. ಇರುವುದು ಹದಿನಾಲ್ಕು ಮೆಟ್ಟಿಲು. ಏಳನೆಯದರಲ್ಲಿ ಕಂಬಿ ಹಿಡಿದು ನಿಂತುಬಿಟ್ಟರು ಅಂತ ನಮ್ಮ ಸಿಸ್ಟರ್ ಆಮೇಲೆ ಹೇಳಿದರು.

ಹೊರಗಿನವರಿಗೆ ಒಂದು ಮಾತು. ಕೊಡಗಿನ ತೋಟದಲ್ಲಿ ರೈಟರ್ ಅಂದರೆ ಕತೆ ಬರೆಯುವವರಲ್ಲ. ಆಳುಗಳ ಹಾಜರಿ, ಕುಯ್ದ ಹಣ್ಣಿನ ತೂಕ, ಗೊಬ್ಬರದ ಖರ್ಚು, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವವರು. ಇವರಿಗೆ 51 ವರ್ಷ. ಎಂಟು ವರ್ಷದಿಂದ ಉಬ್ಬಸ. ಜೊತೆಗೆ ಮಗಳು ಬಂದಿದ್ದಳು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಾಳೆ. ವಿಷಯ, ಇಲಿಗಳ ಶ್ವಾಸಕೋಶದ ಅಲರ್ಜಿ. ಇಬ್ಬರೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಅವಳ ಕೈಯಲ್ಲಿ ಅಪ್ಪನ ರಕ್ತದ ರಿಪೋರ್ಟ್ ಇತ್ತು. ಒಂದು ಸಾಲಿಗೆ ಹಳದಿ ಬಣ್ಣ ಬಳಿದಿದ್ದಳು. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1,480. ಸಾಮಾನ್ಯವಾಗಿ ಇದು 500ರ ಒಳಗಿರಬೇಕು.

'ಸರ್, ಐಎಲ್-5 ತಡೆಯೋ ಇಂಜೆಕ್ಷನ್ ಶುರು ಮಾಡೋಣ್ವಾ? ನಮ್ಮ ಇಲಿಗಳಲ್ಲಿ ಐಎಲ್-5 ತೆಗೆದ್ರೆ ಎಲ್ಲಾ ಸರಿಹೋಗುತ್ತೆ' ಅಂದಳು. (ಐಎಲ್-5 ಅಂದರೆ ಇಯೊಸಿನೊಫಿಲ್‌ಗಳನ್ನು ಕರೆಸುವ ಒಂದು ಪ್ರೋಟೀನು. ಅದರ ಕತೆ ಮುಂದೆ ಬರುತ್ತದೆ.)

ಅಪ್ಪ ಕೆಮ್ಮುತ್ತಲೇ ನಕ್ಕರು. 'ನಾನೇನು ಇಲೀನಾ ಮಗಾ?'

ತಮಾಷೆಗೆ ಬಂದ ಮಾತು. ಆದರೆ ಮುಂದಿನ ಎಂಟು ತಿಂಗಳು ನಾವು ಮೂವರೂ ಹುಡುಕಿದ್ದು ಅದಕ್ಕೆ ಉತ್ತರವನ್ನೇ.

ಮೊದಲು ರೋಗಿಯ ವಿವರ. ಉಬ್ಬಸ ವರ್ಷಕ್ಕೆ ಎರಡು ಸಲ ಜಾಸ್ತಿ ಆಗುತ್ತಿತ್ತು. ಒಂದು, ಜನವರಿಯಿಂದ ಮಾರ್ಚ್‌ವರೆಗೆ. ಕಣದಲ್ಲಿ ಒಣಗಿದ ಚೆರಿಯನ್ನು, ಅಂದರೆ ಕಾಫಿ ಹಣ್ಣನ್ನು, ಸಿಪ್ಪೆ ಸುಲಿಯುವ ಹಲ್ಲರ್ ಮಿಲ್ಲಿಗೆ ಹಾಕಿಸಲು ಹೋಗಿ, ತೂಕ ಬರೆದುಕೊಂಡು, ಅಲ್ಲೇ ದೂಳಿನಲ್ಲಿ ಕೂರುವ ತಿಂಗಳುಗಳು. ಇನ್ನೊಂದು, ಜುಲೈ. ಗೋಡೆಯ ಮೇಲೆಲ್ಲ ಬೂಷ್ಟು ಹಿಡಿದು, ಬಟ್ಟೆ ಒಣಗದೆ, ಮನೆಯೊಳಗೇ ಬೆಂಕಿ ಹಾಕಿಕೊಂಡು ಕೂರುವ ತಿಂಗಳು. ಶ್ವಾಸನಾಳವನ್ನು ತಕ್ಷಣಕ್ಕೆ ಸಡಿಲಿಸುವ ನೀಲಿ ಪಂಪನ್ನು ದಿನಕ್ಕೆ ಐದಾರು ಸಲ ಎಳೆಯುತ್ತಿದ್ದರು. ಹಿಂದಿನ ವರ್ಷ ಎರಡು ಸಲ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರು. ಅದರಲ್ಲಿ ಒಂದು ಸಲ ಬರೆದುಕೊಟ್ಟವನು ನಾನೇ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಊದಿಸಿ ನೋಡಿದಾಗ ಮೊದಲ ಸೆಕೆಂಡಿನ ಗಾಳಿ, ಅವರ ವಯಸ್ಸು ಎತ್ತರಕ್ಕೆ ಇರಬೇಕಾದುದರ ಶೇ. 61 ಬಂತು. ಪಂಪ್ ಕೊಟ್ಟು ಕಾಲು ಗಂಟೆ ಬಿಟ್ಟು ಊದಿಸಿದರೆ ಚೆನ್ನಾಗಿ ಏರಿತು. ಅಸ್ತಮಾ ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಎಕ್ಸ್‌ರೇ ಶುದ್ಧ. ಕಫದಲ್ಲಿ ಟಿಬಿ ಇಲ್ಲ. ಹಿಮೊಗ್ಲೋಬಿನ್ 10.2. ಗಂಡಸಿಗೆ ಕಡಿಮೆಯೇ. ಹಳದಿ ಬಣ್ಣ ಆ ಸಾಲಿಗೆ ಬಿದ್ದಿರಲಿಲ್ಲ. ನನ್ನ ಕಣ್ಣೂ ಮೊದಲ ದಿನ ಅಲ್ಲಿ ನಿಲ್ಲಲಿಲ್ಲ ಅನ್ನುವುದನ್ನು ಒಪ್ಪಿಕೊಳ್ಳಬೇಕು.

ಹುಡುಗಿಯ ಮಾತಿಗೆ ಬುಡ ಇಲ್ಲದೆ ಇರಲಿಲ್ಲ. ಅದು ಅರ್ಥವಾಗಬೇಕಾದರೆ ಸಹಾಯಕ ಟಿ ಕೋಶ ಎಂಬ ಬಿಳಿ ರಕ್ತಕಣದ ಕೆಲಸ ಗೊತ್ತಿರಬೇಕು. ನಾನು ತೋಟದವರಿಗೆ ಹೇಳುವುದು ಹೀಗೆ: ಅದು ಮೇಸ್ತ್ರಿ. ಮೇಸ್ತ್ರಿ ತಾನು ಹಣ್ಣು ಕುಯ್ಯಲ್ಲ, ಗುಂಡಿ ತೋಡಲ್ಲ. ಯಾರು ಎಲ್ಲಿಗೆ ಹೋಗಬೇಕು ಅಂತ ಕೂಗಿ ಹೇಳುತ್ತಾನೆ. ಟಿ ಕೋಶದ ಕೂಗು ಅಂದರೆ ಸೈಟೋಕೈನ್ ಎಂಬ ಸಣ್ಣ ಪ್ರೋಟೀನುಗಳು. ಟಿಎಚ್-1 ಎಂಬ ಮೇಸ್ತ್ರಿ ಇಂಟರ್‌ಫೆರಾನ್ ಗಾಮಾ ಎಂದು ಕೂಗಿದರೆ, ಟಿಬಿಯಂಥ ರೋಗಾಣುವನ್ನು ನುಂಗಿ ಕೂತ ಕೋಶಗಳು ಚುರುಕಾಗಿ ಅದನ್ನು ಒಳಗೇ ಕೊಲ್ಲುತ್ತವೆ. ಟಿಎಚ್-2 ಮೇಸ್ತ್ರಿಯ ಕೂಗು ಐಎಲ್-4, ಐಎಲ್-5, ಐಎಲ್-13. ಆಗ ಐಜಿಇ ಎಂಬ ಅಲರ್ಜಿಯ ಪ್ರತಿಕಾಯ ಹುಟ್ಟುತ್ತದೆ, ಲೋಳೆ ಸುರಿಯುತ್ತದೆ, ಇಯೊಸಿನೊಫಿಲ್‌ಗಳು ದಂಡು ಕಟ್ಟಿಕೊಂಡು ಬರುತ್ತವೆ. ಈ ದಂಡು ಇರುವುದೇ ಹುಳುಗಳ ವಿರುದ್ಧ. ದಾರಿ ತಪ್ಪಿ ಕಾಫಿ ದೂಳಿನ ಮೇಲೆ ಬಿದ್ದರೆ ಅದೇ ಉಬ್ಬಸ. ಟಿಎಚ್-17 ಅಂತ ಮೂರನೆಯವನೊಬ್ಬ ಇದ್ದಾನೆ. ಈ ಪ್ರಕರಣದಲ್ಲಿ ಅವನ ಪಾತ್ರ ಇಲ್ಲ, ಬಿಡೋಣ.

ಹೀಗೆ ಇಬ್ಬರು ಮೇಸ್ತ್ರಿಗಳು ಅಂತ ಗುರುತಿಸಿದ್ದು 1986ರಲ್ಲಿ, ಅಮೆರಿಕದ ಟಿಮ್ ಮಾಸ್‌ಮನ್ ಮತ್ತು ರಾಬರ್ಟ್ ಕಾಫ್‌ಮನ್. ಅವರು ನೋಡಿದ್ದು ಇಲಿಯ ಕೋಶಗಳನ್ನು. (ಇಲಿ ಅಂತ ಸುಮ್ನೆ ಬಾಯಿಗೆ ಬಂದ ಹಾಗೆ ಹೇಳುತ್ತೇವೆ. ನಿಜವಾಗಿ ಅದು ಸುಂಡಿಲಿ, 20–25 ಗ್ರಾಂ ತೂಕದ್ದು.) ಮನುಷ್ಯನಲ್ಲೂ ಈ ವಿಂಗಡಣೆ ಇದೆ ಅಂತ ಗಟ್ಟಿಯಾಗಿ ತೋರಿಸಲು ಇನ್ನೂ ಐದು ವರ್ಷ ಬೇಕಾಯಿತು. 1991ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಸೆರ್ಜಿಯೊ ರೊಮಾನ್ಯಾನಿ ತಂಡ ಮನುಷ್ಯರ ರಕ್ತದ ಟಿ ಕೋಶಗಳಿಗೆ ಎರಡು ಬೇರೆ ಬೇರೆ ಸರಕು ತೋರಿಸಿತು. ಟಿಬಿ ರೋಗಾಣುವಿನ ಪ್ರೋಟೀನು ತೋರಿಸಿದಾಗ ಬೆಳೆದ ಕೋಶಗಳು ಟಿಎಚ್-1. ನಾಯಿಯ ಕರುಳಿನ ಹುಳುವಿನ ಸರಕು ತೋರಿಸಿದಾಗ ಬೆಳೆದವು ಟಿಎಚ್-2. ವಿಂಗಡಣೆ ಇತ್ತು, ಆದರೆ ಇಲಿಯಷ್ಟು ನೀಟಾಗಿ ಇರಲಿಲ್ಲ. ಉದಾಹರಣೆಗೆ ಐಎಲ್-10. ಇಲಿಯಲ್ಲಿ ಅದನ್ನು ಟಿಎಚ್-2 ಕೂಗು ಅಂತಲೇ ಮೊದಲು ಗುರುತಿಸಿದರು. ಮನುಷ್ಯನಲ್ಲಿ ಇಬ್ಬರೂ ಅದನ್ನು ಕೂಗುತ್ತಾರೆ. ನಮ್ಮ ಮೇಸ್ತ್ರಿಗಳು ಒಬ್ಬೊಬ್ಬರೂ ಎರಡು ಗ್ಯಾಂಗಿನ ಹಾಜರಿ ಪುಸ್ತಕ ಇಟ್ಟುಕೊಂಡ ಹಾಗೆ.

ಬೇರೆ ವ್ಯತ್ಯಾಸಗಳೂ ಇವೆ. ಕೆರಳಿದ ಟಿ ಕೋಶಗಳು ಮನುಷ್ಯನಲ್ಲಿ ಎಚ್‌ಎಲ್‌ಎ-ಡಿಆರ್ ಎಂಬ ಗುರುತನ್ನು ಮೈಮೇಲೆ ಹಾಕಿಕೊಳ್ಳುತ್ತವೆ, ಇಲಿಯಲ್ಲಿ ಅದರ ಸಮಾನ ಗುರುತು ಬರುವುದಿಲ್ಲ. ಫಾಕ್ಸ್‌ಪಿ3 ಎಂಬ ಪ್ರೋಟೀನು ಕಂಡರೆ ಇಲಿಯಲ್ಲಿ ಅದು ಶಾಂತಿ ಕಾಯುವ ನಿಯಂತ್ರಕ ಟಿ ಕೋಶ ಅಂತ ಬಹುಮಟ್ಟಿಗೆ ನಂಬಬಹುದು. ಮನುಷ್ಯನಲ್ಲಿ ಜಗಳಕ್ಕೆ ಹೊರಟ ಮಾಮೂಲಿ ಕೋಶವೂ ಸ್ವಲ್ಪ ಹೊತ್ತು ಅದೇ ಟೋಪಿ ಹಾಕಿಕೊಂಡಿರುತ್ತದೆ. ರೈಟರ ರಿಪೋರ್ಟಿನಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣ ಜಾಸ್ತಿ, ಲಿಂಫೊಸೈಟ್ (ಟಿ ಕೋಶ ಸೇರಿರುವ ಗುಂಪು) ಕಡಿಮೆ ಇದ್ದದ್ದನ್ನು ನೋಡಿ ಮಗಳೇ ಅಂದಳು, 'ನಮ್ಮ ಇಲಿ ರಕ್ತ ಆಗಿದ್ರೆ ಇದು ಪೂರ್ತಿ ಉಲ್ಟಾ ಇರ್ತಿತ್ತು ಸರ್.' ಸರಿಯಾಗಿಯೇ ಹೇಳಿದಳು. ಇಲಿಯ ರಕ್ತದಲ್ಲಿ ಲಿಂಫೊಸೈಟ್‌ಗಳದೇ ರಾಜ್ಯ.

ಈಗ ಐಎಲ್-5ಕ್ಕೆ ಬರೋಣ. ಅವಳು ನಂಬಿದ್ದ ಇಲಿ ಪ್ರಯೋಗ ಹೇಗಿರುತ್ತದೆ ಅಂತ ಅವಳ ಬಾಯಿಂದಲೇ ಕೇಳಿದೆ. ಎಂಟು ವಾರದ ಇಲಿ. ಕೋಳಿಮೊಟ್ಟೆಯ ಬಿಳಿಯ ಪ್ರೋಟೀನನ್ನು ಆಲಮ್ ಎಂಬ ಅಲ್ಯೂಮಿನಿಯಂ ಲವಣದ ಜೊತೆ ಬೆರೆಸಿ ಹೊಟ್ಟೆಗೆ ಚುಚ್ಚುತ್ತಾರೆ. ವಾರ ಎರಡು ವಾರ ಬಿಟ್ಟು ಇನ್ನೊಮ್ಮೆ. ಆಮೇಲೆ ಅದೇ ಪ್ರೋಟೀನನ್ನು ಮಂಜಿನ ಹಾಗೆ ಮಾಡಿ ಮೂಗಿಗೆ ಬಿಡುತ್ತಾರೆ. ಕೆಲವೇ ದಿನದಲ್ಲಿ ಶ್ವಾಸಕೋಶ ತೊಳೆದ ನೀರಿನ ತುಂಬ ಇಯೊಸಿನೊಫಿಲ್. ಹೀಗೆ ಮಾಡದಿದ್ದರೆ ಇಲಿಗೆ ಅಸ್ತಮಾ ತನ್ನಷ್ಟಕ್ಕೆ ಬರುವುದಿಲ್ಲ. ಮಂಜು ನಿಲ್ಲಿಸಿದರೆ ಕೆಲವು ವಾರದಲ್ಲಿ ಇಳಿದೂ ಹೋಗುತ್ತದೆ.

ಅಪ್ಪ ಕೇಳಿಸಿಕೊಳ್ಳುತ್ತಾ ಕೂತಿದ್ದರು. 'ಎಂಟು ವಾರ ಅಂದ್ರೆ ಅದು ಒಂದು ಮಳೆಗಾಲನೂ ಪೂರ್ತಿ ನೋಡಿಲ್ವಲ್ಲ' ಅಂದರು.

1996ರಲ್ಲಿ ಒಂದೇ ವಿಜ್ಞಾನ ಪತ್ರಿಕೆಯಲ್ಲಿ, ಒಂದೇ ವರ್ಷ, ಎರಡು ವರದಿ ಬಂದವು. ಒಂದು ತಂಡ ಐಎಲ್-5 ಜೀನ್ ಇಲ್ಲದ ಇಲಿಗಳಿಗೆ ಮೇಲಿನ ಪ್ರಯೋಗ ಮಾಡಿತು. ಇಯೊಸಿನೊಫಿಲ್ ಬರಲಿಲ್ಲ, ಶ್ವಾಸನಾಳ ಕೆರಳಲಿಲ್ಲ. ಹುಡುಗಿ ಹೇಳಿದ್ದು ಇದನ್ನೇ. ಇನ್ನೊಂದು ತಂಡ ಐಎಲ್-5 ತಡೆದಾಗ ಇಯೊಸಿನೊಫಿಲ್ ಹೋದವು, ಆದರೆ ಶ್ವಾಸನಾಳ ಕೆರಳುವುದು ನಿಲ್ಲಲಿಲ್ಲ. ಅವರ ಇಲಿಗಳಲ್ಲಿ ಬೇಕಾಗಿದ್ದದ್ದು ಐಎಲ್-4. ಮೊದಲ ತಂಡದ್ದು ಸಿ57ಬಿಎಲ್/6 ಎಂಬ ಕಪ್ಪು ತಳಿ. ಎರಡನೆಯವರದು ಬಾಲ್ಬ್/ಸಿ ಎಂಬ ಬಿಳಿ ತಳಿ. ಅಂದರೆ ಇಲಿಗೂ ಮನುಷ್ಯನಿಗೂ ಇರುವ ಅಂತರ ಆಮೇಲಿನ ಮಾತು. ಮೊದಲು ಇಲಿಗೂ ಇಲಿಗೂ ಹೊಂದಲಿಲ್ಲ.

ಇದನ್ನು ರೈಟರಿಗೆ ವಿವರಿಸುವುದು ಸುಲಭವಾಯಿತು. ಅರೇಬಿಕಾ ತನ್ನದೇ ಹೂವಿನ ಪರಾಗದಿಂದ ಕಾಯಿ ಕಟ್ಟುತ್ತದೆ. ಬೀಜ ಹಾಕಿದರೆ ಮರಿ ಹೆಚ್ಚುಕಮ್ಮಿ ತಾಯಿಯ ಹಾಗೇ. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು. ಬೀಜದಿಂದ ಎಬ್ಬಿಸಿದ ರೊಬಸ್ಟಾ ಪಟ್ಟೆಯಲ್ಲಿ ಒಂದು ಗಿಡ ಇನ್ನೊಂದರ ಹಾಗೆ ಇರುವುದಿಲ್ಲ ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಲ್ಯಾಬಿನ ಇಲಿ ಅರೇಬಿಕಾ. ಅಣ್ಣ ತಂಗಿಯನ್ನೇ ಇಪ್ಪತ್ತು ತಲೆಮಾರಿಗೂ ಜಾಸ್ತಿ ಕೂಡಿಸಿ ಮಾಡಿದ ತಳಿ, ಒಂದೊಂದೂ ಅವಳಿಯ ಹಾಗೆ. ಮನುಷ್ಯ ಬೀಜದ ರೊಬಸ್ಟಾ. ಒಂದು ಗಿಡದಲ್ಲಿ ಗೆದ್ದ ಗೊಬ್ಬರ ಇಡೀ ಪಟ್ಟೆಯಲ್ಲಿ ಗೆಲ್ಲುತ್ತದೆ ಅಂತ ಯಾವ ರೈಟರೂ ಪುಸ್ತಕದಲ್ಲಿ ಬರೆಯುವುದಿಲ್ಲ.

ಮನುಷ್ಯರಲ್ಲಿ ಆದದ್ದೂ ಅದೇ. ಐಎಲ್-5 ತಡೆಯುವ ಮೆಪೊಲಿಜುಮ್ಯಾಬ್ ಎಂಬ ಪ್ರತಿಕಾಯವನ್ನು ಸೌಮ್ಯ ಅಸ್ತಮಾ ಇದ್ದ 24 ಜನರಲ್ಲಿ ಪರೀಕ್ಷಿಸಿದ ಫಲಿತಾಂಶ 2000ದಲ್ಲಿ ಬಂತು. ರಕ್ತದ ಇಯೊಸಿನೊಫಿಲ್ ಬಿದ್ದುಹೋಯಿತು. ಉಬ್ಬಸದಲ್ಲಿ ವ್ಯತ್ಯಾಸ ಕಾಣಲಿಲ್ಲ. 2003ರಲ್ಲಿ ಶ್ವಾಸನಾಳದ ಚೂರು ತೆಗೆದು ನೋಡಿದವರಿಗೆ ಒಂದು ಕಾರಣ ಸಿಕ್ಕಿತು. ರಕ್ತದಲ್ಲಿ ಖಾಲಿಯಾದ ಇಯೊಸಿನೊಫಿಲ್ ಶ್ವಾಸನಾಳದ ಒಳಗೆ ಅರ್ಧದಷ್ಟು ಮಾತ್ರ ಕಮ್ಮಿಯಾಗಿತ್ತು. 2007ರಲ್ಲಿ 362 ಜನರ ದೊಡ್ಡ ಪರೀಕ್ಷೆಯೂ ಕೈಕೊಟ್ಟಿತು. ಆ ಔಷಧಿಯ ಕತೆ ಮುಗಿಯಿತು ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಮುಗಿದಿರಲಿಲ್ಲ. 2009ರಲ್ಲಿ ಎರಡು ತಂಡಗಳು ಔಷಧಿ ಬದಲಿಸಲಿಲ್ಲ, ರೋಗಿಗಳನ್ನು ಬದಲಿಸಿದವು. ಸ್ಟೀರಾಯ್ಡ್ ಕೊಟ್ಟರೂ ಇಯೊಸಿನೊಫಿಲ್ ಇಳಿಯದವರನ್ನು ಮಾತ್ರ ಆರಿಸಿಕೊಂಡವು. ಅವರಲ್ಲಿ ಉಬ್ಬಸದ ದಾಳಿಗಳು ನಿಜಕ್ಕೂ ಕಮ್ಮಿಯಾದವು. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಾಲ್ಕು ವಾರಕ್ಕೊಂದು, 100 ಮಿಲಿಗ್ರಾಂ, ಚರ್ಮದ ಕೆಳಗೆ. ಬೆಲೆ, ಒಂದು ಸೂಜಿಗೆ ರೈಟರ ತಿಂಗಳ ಸಂಬಳಕ್ಕಿಂತ ಜಾಸ್ತಿ.

ಯಾರಿಗೆ ಕೊಡಬೇಕು ಅನ್ನುವುದಕ್ಕೆ ಒಂದು ಅಳತೆ ಇದೆ. ಈಗ ಇಯೊಸಿನೊಫಿಲ್ 150 ದಾಟಿರಬೇಕು, ಇಲ್ಲವೇ ಕಳೆದ ಒಂದು ವರ್ಷದಲ್ಲಿ ಒಮ್ಮೆಯಾದರೂ 300 ದಾಟಿರಬೇಕು. ರೈಟರದು 1,480. ಕಾಗದದ ಮೇಲೆ ಮೊದಲ ದರ್ಜೆಯ ಪಾಸು. ಮಗಳು ಸಾಲ ಮಾಡಲೂ ತಯಾರಿದ್ದಳು.

ನನಗೆ ಬರೆದುಕೊಡುವ ಮನಸ್ಸು ಬಂದಿತ್ತು. ತಡೆದದ್ದು ಹಿಮೊಗ್ಲೋಬಿನ್ ಸಾಲು. ಎರಡನೇ ಭೇಟಿಯಲ್ಲಿ ಅದು ಕಣ್ಣಿಗೆ ಬಿತ್ತು. ಅಸ್ತಮಾ ಇದ್ದರೆ ರಕ್ತ ಕಮ್ಮಿಯಾಗುವುದಿಲ್ಲವಲ್ಲ? ಕೊಡಗಿನಲ್ಲಿ ಓಡಾಡುವ ಡಾಕ್ಟರು ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ.

'ರೈಟರೇ, ಬರಿಗಾಲಲ್ಲಿ ನಡೀತೀರಾ?'

'ಅಯ್ಯೋ ಇಲ್ಲ ಸಾರ್. ಡ್ಯೂಟಿಗೆ ಯಾವಾಗ್ಲೂ ಬೂಟ್ಸೇ.' ಸ್ವಲ್ಪ ಹೊತ್ತು ಬಿಟ್ಟು, 'ಗದ್ದೆಗೆ ಇಳಿದ್ರೆ ಮಾತ್ರ ಬರಿಗಾಲು. ನಾಟಿಗೆ ಬೂಟ್ಸ್ ಹಾಕೋಕ್ಕಾಗುತ್ತಾ? ಮನೆ ಹಿಂದಿನ ಬಾಳೆ ತೋಟಕ್ಕೂ ಹಾಗೇ ಹೋಗ್ತೀನಿ.'

ಬಾಳೆಯ ಬುಡದಲ್ಲಿ ಸದಾ ತೇವ. ಅದರ ಆಚೆಗೆ ಆಳುಗಳ ಹಳೇ ಲೈನ್ ಮನೆಗಳ ಕಕ್ಕಸು ಗುಂಡಿ. ಮಲ ಪರೀಕ್ಷೆಗೆ ಡಬ್ಬಿ ಕೊಟ್ಟು ಕಳಿಸಿದೆ. ಮೂರು ದಿನದ ಮೂರು ಡಬ್ಬಿ. ಮೊದಲನೆಯದರಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಕೊಕ್ಕೆಹುಳುವಿನ ಮೊಟ್ಟೆ. ಬರಿಗಾಲಿನ ಚರ್ಮದಿಂದ ಒಳಹೊಕ್ಕು, ಕರುಳಲ್ಲಿ ಕೂತು ರಕ್ತ ಹೀರುವ ಹುಳು ಅದು. ನಮ್ಮ ಲ್ಯಾಬಿನ ಹುಡುಗ ಮೈಕ್ರೋಸ್ಕೋಪ್ ಹತ್ತಿರ ಕರೆದು ತೋರಿಸಿದ. ತೆಳ್ಳನೆಯ ಪಾರದರ್ಶಕ ಸಿಪ್ಪೆ, ಒಳಗೆ ನಾಲ್ಕಾಗಿ ಸೀಳಿದ ಬೂದು ಗುಂಡು. ನೋಡಲು ಚೆಂದವೇ, ಕೂತ ಜಾಗ ಚೆಂದವಲ್ಲ. ಮಗಳೂ ಬಗ್ಗಿ ನೋಡಿದಳು. ತುಂಬ ಹೊತ್ತು ತಲೆ ಎತ್ತಲಿಲ್ಲ.

'ನಮ್ಮ ಪ್ರಾಣಿಮನೇಲಿ ಒಂದು ಪಿನ್‌ವರ್ಮ್ ಸಿಕ್ಕಿದ್ರೂ ಆ ರ್‍ಯಾಕ್ ಪೂರ್ತಿ ಖಾಲಿ ಮಾಡಿಸ್ತಾರೆ ಸರ್' ಅಂದಳು. 'ಹುಳ ಇರೋ ಇಲಿ ಮೇಲೆ ನಾವು ಪ್ರಯೋಗನೇ ಮಾಡಲ್ಲ.'

ಇಲ್ಲಿಗೆ ಪ್ರಕರಣ ತಿರುಗಿತು. 1,480ರಲ್ಲಿ ಎಷ್ಟು ಇಯೊಸಿನೊಫಿಲ್ ಕಾಫಿ ದೂಳಿಗೆ ಬಂದವು, ಎಷ್ಟು ಕೊಕ್ಕೆಹುಳುವಿಗೆ ಬಂದವು? ರಕ್ತದ ಹನಿಯಲ್ಲಿ ಅವು ಒಂದೇ ತರ ಕಾಣುತ್ತವೆ. ಒಬ್ಬನೇ ಟಿಎಚ್-2 ಮೇಸ್ತ್ರಿ ಎರಡು ಕೆಲಸಕ್ಕೆ ಆಳು ಕರೆದಿದ್ದ, ಹಾಜರಿ ಮಾತ್ರ ಒಂದೇ ಪುಸ್ತಕದಲ್ಲಿ ಬಿದ್ದಿತ್ತು. ಆ ಮೊತ್ತ ನೋಡಿ ದುಬಾರಿ ಇಂಜೆಕ್ಷನ್ ಕೊಡುವುದೆಂದರೆ ಹುಳುವಿನ ಮೇಲೆ ಹೋಗುತ್ತಿರುವ ದಂಡನ್ನೂ ವಾಪಸ್ ಕರೆಸಿದ ಹಾಗೆ. ಹುಳು ಇದ್ದರೆ ಮೊದಲು ಅದಕ್ಕೆ ಔಷಧಿ ಕೊಡಿ ಅಂತ ಆ ಇಂಜೆಕ್ಷನ್ ಜೊತೆ ಬರುವ ಚೀಟಿಯಲ್ಲೇ ಇದೆ.

ಹುಡುಗಿಗೆ ಇನ್ನೊಂದು ಗೊಂದಲ ಹತ್ತಿತು. 'ಇಷ್ಟೊಂದು ಟಿಎಚ್-2 ಇದ್ರೂ ಹುಳ ಹೇಗೆ ಉಳೀತು? ಟಿಎಚ್-2 ಹುಳಾನ ಹೊರಗೆ ಹಾಕುತ್ತೆ ಅಂತ ತಾನೇ ಪುಸ್ತಕದಲ್ಲಿರೋದು?'

ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಪ್ರಶ್ನೆ ಇದು. ಪುಸ್ತಕದಲ್ಲಿರುವುದು ಇಲಿಯ ಕತೆ. ಲ್ಯಾಬುಗಳಲ್ಲಿ ಕೊಕ್ಕೆಹುಳುವಿನ ಬದಲಿಗೆ ನಿಪ್ಪೊಸ್ಟ್ರಾಂಜಿಲಸ್ ಎಂಬ ಹುಳುವನ್ನು ಬಳಸುತ್ತಾರೆ. ಅದೂ ಕೊಕ್ಕೆಹುಳುವಿನ ಹಾಗೇ ಚರ್ಮದಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ, ಗಂಟಲಿಂದ ಕರುಳಿಗೆ ಹೋಗುತ್ತದೆ. ಸುಂಡಿಲಿಯಲ್ಲಿ ಟಿಎಚ್-2 ಎದ್ದು ನಿಂತು ಸುಮಾರು ಹತ್ತು ದಿನಕ್ಕೆ ಅದನ್ನು ಹೊರಗೆ ತಳ್ಳಿಬಿಡುತ್ತದೆ. ಐಎಲ್-13 ಬಂತು, ಲೋಳೆ ಬಂತು, ಹುಳು ಹೋಯಿತು. ಪಾಠಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಆ ಹುಳುವಿನ ಸ್ವಂತ ಮನೆ ಸುಂಡಿಲಿ ಅಲ್ಲ, ಇಂಗ್ಲಿಷಿನಲ್ಲಿ ರ್‍ಯಾಟ್ ಅನ್ನುವ ದೊಡ್ಡ ಇಲಿ. ಸುಂಡಿಲಿಯಲ್ಲಿ ಅದು ಗೊತ್ತಿಲ್ಲದ ಊರಿಗೆ ಬಂದ ನೆಂಟ. ಸುಂಡಿಲಿಯದೇ ಆದ ಹೆಲಿಗ್ಮೊಸೊಮೊಯ್ಡಿಸ್ ಎಂಬ ಹುಳುವನ್ನು ಬಿಟ್ಟರೆ ಅದೇ ಟಿಎಚ್-2 ಇದ್ದೂ ಅದು ತಿಂಗಳುಗಟ್ಟಲೆ ಕೂರುತ್ತದೆ. ಮನುಷ್ಯನ ಕೊಕ್ಕೆಹುಳು ನಮ್ಮ ಜೊತೆಯಲ್ಲೇ ಬೆಳೆದದ್ದು. ಅದು ವರ್ಷಗಟ್ಟಲೆ ಕೂರುತ್ತದೆ. ಕೂರುವುದಷ್ಟೇ ಅಲ್ಲ, ಐಎಲ್-10 ಮತ್ತು ನಿಯಂತ್ರಕ ಟಿ ಕೋಶಗಳನ್ನು ಎಬ್ಬಿಸಿ ಮನೆಯವರನ್ನು ಸಮಾಧಾನ ಮಾಡಿಕೊಂಡು ಕೂರುತ್ತದೆ. ಮೇಸ್ತ್ರಿ ಕೂಗುತ್ತಲೇ ಇರುತ್ತಾನೆ, ಆಳುಗಳು ಬರುತ್ತಲೇ ಇರುತ್ತಾರೆ, ಕೆಲಸ ಆಗುವುದಿಲ್ಲ.

ಹಾಗಾಗಿ ಇಲಿ ಸುಳ್ಳು, ಮನುಷ್ಯ ನಿಜ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಸರಿಯಾದ ಹುಳುವನ್ನು ಸರಿಯಾದ ಇಲಿಗೆ ಬಿಟ್ಟರೆ ಇಲಿಯೂ ರೈಟರ ಹಾಗೇ ನಡೆದುಕೊಳ್ಳುತ್ತದೆ. ಜೀನ್ ವ್ಯತ್ಯಾಸ ಇದ್ದೇ ಇದೆ, ಆದರೆ ಬದುಕಿದ ರೀತಿಯ ವ್ಯತ್ಯಾಸ ಅದಕ್ಕಿಂತ ಚಿಕ್ಕದೇನಲ್ಲ.

ಅದಕ್ಕೆ ಗಟ್ಟಿ ಸಾಕ್ಷಿ 2016ರಲ್ಲಿ ಬಂತು. ಅಮೆರಿಕದ ಮಿನೆಸೊಟಾದಲ್ಲಿ ಲ್ಯಾಬಿನ ಇಲಿಗಳನ್ನು ಅಂಗಡಿಯಿಂದ ತಂದ ಸಾಕು ಇಲಿಗಳ ಜೊತೆ ಒಂದೇ ಪಂಜರದಲ್ಲಿ ಬಿಟ್ಟರು. ಅಂಗಡಿ ಇಲಿ ಅಂದರೆ ಮೈಯೆಲ್ಲ ರೋಗಾಣು. ಕೆಲವು ಲ್ಯಾಬ್ ಇಲಿಗಳು ಸತ್ತೇಹೋದವು. ಉಳಿದವುಗಳ ಟಿ ಕೋಶಗಳು ಬದಲಾದವು. ಮೊದಲು ಅವು ಆಗತಾನೆ ಹುಟ್ಟಿದ ಮಗುವಿನ ಕೋಶಗಳ ಹಾಗಿದ್ದವು. ಈಗ ದೊಡ್ಡವರ ಹಾಗಾದವು, ಅನುಭವ ಉಂಡ ನೆನಪಿನ ಕೋಶಗಳು ತುಂಬಿಕೊಂಡವು. ಎಂಟು ವಾರದ ಪಂಜರದ ಇಲಿಯನ್ನು 51 ವರ್ಷದ ರೈಟರ ಪಕ್ಕ ಇಟ್ಟು ನೋಡಿದಾಗ ನಾವು ಹೋಲಿಸುತ್ತಿದ್ದದ್ದು ಇಲಿಯನ್ನೂ ಮನುಷ್ಯನನ್ನೂ ಅಷ್ಟೇ ಅಲ್ಲ. ಹಸುಗೂಸನ್ನೂ ಹಿರಿಯರನ್ನೂ.

ಈ ತಪ್ಪಿಗೆ ಒಮ್ಮೆ ಬೆಲೆಯನ್ನೂ ತೆತ್ತಿದ್ದೇವೆ. 2006ರ ಮಾರ್ಚ್ 13, ಲಂಡನ್. ಟಿಜಿಎನ್1412 ಎಂಬ ಪ್ರತಿಕಾಯವನ್ನು ಆರೋಗ್ಯವಂತರಾದ ಆರು ಗಂಡಸರಿಗೆ ಕೊಟ್ಟರು. ಅದು ಟಿ ಕೋಶದ ಮೇಲಿನ ಸಿಡಿ28 ಎಂಬ ಗುಂಡಿಯನ್ನು ನೇರ ಒತ್ತುವ ಔಷಧಿ. ಲ್ಯಾಬಿನ ಇಲಿಗಳಲ್ಲಿ ಇಂಥದ್ದೇ ಪ್ರತಿಕಾಯ ಶಾಂತಿ ಕಾಯುವ ಕೋಶಗಳನ್ನು ಬೆಳೆಸಿತ್ತು. ಕೋತಿಗಳಲ್ಲೂ ತೊಂದರೆ ಕಂಡಿರಲಿಲ್ಲ. ಕೋತಿಗೆ ಸುರಕ್ಷಿತ ಎನಿಸಿದ ಪ್ರಮಾಣದ 500ರಲ್ಲಿ ಒಂದು ಪಾಲನ್ನು ಕೊಟ್ಟಿದ್ದರು. ಒಂದೂವರೆ ಗಂಟೆಯೊಳಗೆ ಆರೂ ಜನರಿಗೆ ತಲೆನೋವು, ಚಳಿ, ವಾಂತಿ. ಆಮೇಲೆ ಒಂದೊಂದೇ ಅಂಗ ಕೈಕೊಟ್ಟಿತು. ಎಲ್ಲರೂ ಬದುಕಿದರು, ಒಬ್ಬರು ಬೆರಳುಗಳನ್ನು ಕಳೆದುಕೊಂಡರು. ಮನುಷ್ಯನ ಮೈಯಲ್ಲಿ ವರ್ಷಾನುಗಟ್ಟಲೆ ಸೇರಿಕೊಂಡ ನೆನಪಿನ ಟಿ ಕೋಶಗಳು ಒಟ್ಟಿಗೆ ಕೂಗಿದ್ದವು. ಶುಚಿಯಾದ ಇಲಿಯಲ್ಲಿ ಅಂಥ ಕೋಶಗಳೇ ವಿರಳ. ಕೋತಿಯಲ್ಲಿ ಅದೇ ಗುಂಪಿನ ಕೋಶಗಳ ಮೇಲೆ ಆ ಗುಂಡಿಯೇ ಇರಲಿಲ್ಲ. 2019ರಲ್ಲಿ ಕಾಡಿಲಿಯ ಹೊಟ್ಟೆಯಲ್ಲಿ ಲ್ಯಾಬ್ ಇಲಿಯ ಭ್ರೂಣ ಇಟ್ಟು ಹುಟ್ಟಿಸಿದರು. ಆ ಮರಿಗಳಿಗೆ ಇದೇ ಬಗೆಯ ಪ್ರತಿಕಾಯ ಕೊಟ್ಟಾಗ ಅವು ಮನುಷ್ಯನ ಹಾಗೆ ಕೆರಳಿದವು. ಶಾಂತಿ ಕೋಶ ಬೆಳೆಯಲಿಲ್ಲ. ಅಂಥ ಇಲಿ 2006ರಲ್ಲಿ ಇದ್ದಿದ್ದರೆ ಆ ಆರು ಜನ ಮನೆಯಲ್ಲೇ ಇರುತ್ತಿದ್ದರೋ ಏನೋ.

ರೈಟರ ವಿಷಯಕ್ಕೆ ವಾಪಸ್. ಈಗ ನನ್ನ ತಪ್ಪು ಹೇಳಬೇಕು. ಹಿಂದಿನ ವರ್ಷ ನಾನು ಮಲ ಪರೀಕ್ಷೆ ಮಾಡಿಸದೆ ಸ್ಟೀರಾಯ್ಡ್ ಬರೆದುಕೊಟ್ಟಿದ್ದೆ. ಕೊಕ್ಕೆಹುಳುವಿನ ದಾಯಾದಿಯೊಂದಿದೆ, ಸ್ಟ್ರಾಂಜಿಲಾಯ್ಡಿಸ್. ಅದೂ ಬರಿಗಾಲಿನಿಂದಲೇ ಬರುತ್ತದೆ. ಸ್ಟೀರಾಯ್ಡ್ ಕೊಟ್ಟರೆ ಅದು ಮೈಯೆಲ್ಲ ಹರಡಿ ಜೀವಕ್ಕೇ ಕುತ್ತು ತರಬಹುದು. ಬೂಟ್ಸ್ ಹಾಕಿಕೊಂಡು, ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡು ಬಂದವರು ಅಂತ ನನ್ನ ತಲೆಗೆ ಅದು ಹೋಗಲೇ ಇಲ್ಲ. ಕುಯ್ಲಿನ ಆಳು ಬಂದಿದ್ದರೆ ಕೇಳುತ್ತಿದ್ದೆ. ಈ ಸಲ ಬೆಂಗಳೂರಿಗೆ ರಕ್ತ ಕಳಿಸಿ ನೋಡಿದೆವು. ನೆಗೆಟಿವ್ ಬಂತು. ಉಳಿದುಕೊಂಡೆವು.

ಚಿಕಿತ್ಸೆಯಲ್ಲಿ ಹೊಸದೇನೂ ಇಲ್ಲ. ಹುಳುವಿಗೆ ಆಲ್ಬೆಂಡಜೋಲ್ 400 ಮಿಲಿಗ್ರಾಂ, ಮೂರು ದಿನ. ಕಬ್ಬಿಣದ ಮಾತ್ರೆ. ನೀಲಿ ಪಂಪ್ ಬಿಡಿಸಿ, ಸ್ಟೀರಾಯ್ಡ್ ಕೂಡ ಇರುವ ಪಂಪ್ ಬೆಳಿಗ್ಗೆ ಸಂಜೆ. ಅದನ್ನು ಎಳೆಯುವುದು ಹೇಗೆ ಅಂತ ಕಲಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಎಂಟು ವರ್ಷದಿಂದ ಅವರು ಉಸಿರು ಒಳಗೆ ತೆಗೆದುಕೊಳ್ಳುವ ಮೊದಲೇ ಒತ್ತಿ, ಔಷಧಿಯನ್ನೆಲ್ಲ ನಾಲಿಗೆಗೆ ಕುಡಿಸುತ್ತಿದ್ದರು. ಈ ಪ್ರಕರಣದಲ್ಲಿ ಅತಿ ಹೆಚ್ಚು ಗುಣ ಕೊಟ್ಟದ್ದು ಬಹುಶಃ ಆ ಇಪ್ಪತ್ತು ನಿಮಿಷವೇ, ಇಮ್ಯುನಾಲಜಿ ಅಲ್ಲ.

ಹಲ್ಲರ್ ಮಿಲ್ಲಿನ ದೂಳಿಗೆ ಇನ್ನೊಂದು ಏರ್ಪಾಟು ಬೇಕಿತ್ತು. ಹಸಿ ಕಾಫಿ ಬೀಜದ ದೂಳು ಅಲರ್ಜಿ ತರುತ್ತದೆ ಅನ್ನುವುದು ಹಳೆಯ ವಿಷಯ. ಹಿಂದೆ ಹರಳು (ಔಡಲ ಬೀಜ) ತುಂಬಿದ್ದ ಗೋಣಿಚೀಲಕ್ಕೇ ಕಾಫಿ ತುಂಬಿದರೆ ಹರಳಿನ ದೂಳೂ ಸೇರಿ ಇನ್ನೂ ಕೆಟ್ಟದಾಗುತ್ತದೆ. ಹುರಿದರೆ ಆ ಗುಣ ಬಹಳ ಮಟ್ಟಿಗೆ ಕಮ್ಮಿಯಾಗುತ್ತದೆ. ಹಾಗಾಗಿ ಕಾಫಿ ಕುಡಿಯಬಹುದಾ ಅಂತ ಅವರು ಹೆದರಿ ಕೇಳಿದಾಗ ಧಾರಾಳವಾಗಿ ಕುಡಿಯಿರಿ ಅಂದೆ. ಧಣಿಗಳು ಒಳ್ಳೆಯವರು. ತೂಕದ ಮೇಜನ್ನು ಶೆಡ್ಡಿನ ಹೊರಗೆ ಹಾಕಿಸಿದರು.

ಮಗಳಿಗೆ ಒಂದು ಹೆದರಿಕೆ ಇತ್ತು. ಹುಳು ಟಿ ಕೋಶಗಳನ್ನು ಸಮಾಧಾನ ಮಾಡುತ್ತಿದ್ದರೆ, ಅದನ್ನು ತೆಗೆದ ಮೇಲೆ ಉಬ್ಬಸ ಜಾಸ್ತಿ ಆಗಲ್ವಾ? ಕೇಳಬೇಕಾದ ಪ್ರಶ್ನೆಯೇ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಅಸ್ತಮಾ ರೋಗಿಗಳಿಗೆ ಬೇಕೆಂದೇ ಕೊಕ್ಕೆಹುಳು ಬಿಟ್ಟು ನೋಡಿದ್ದಾರೆ. ಹೇಳಿಕೊಳ್ಳುವಂಥ ಗುಣ ಸಿಗಲಿಲ್ಲ. ರಕ್ತ ಹೀರುವ ಹುಳುವನ್ನು 10.2 ಹಿಮೊಗ್ಲೋಬಿನ್ ಇರುವವರ ಹೊಟ್ಟೆಯಲ್ಲಿ ಔಷಧಿ ಅಂತ ಸಾಕುವುದು ನನ್ನಿಂದ ಆಗದ ಕೆಲಸ.

ಮೇ ಕೊನೆಗೆ ಇಯೊಸಿನೊಫಿಲ್ 410. ಹಿಮೊಗ್ಲೋಬಿನ್ 12.6. ಊದಿದರೆ ಶೇ. 78. 410 ಅಂದರೂ ಇಂಜೆಕ್ಷನ್ನಿನ 150 ದಾಟಿಯೇ ಇದೆ. ಆದರೆ ಆ ಹೊತ್ತಿಗೆ ಅವರು ಪಂಪಿನಲ್ಲೇ ಆರಾಮಾಗಿದ್ದರು. ಹಾಗಾಗಿ ಬೇಡ ಅಂದೆವು. ಜುಲೈ ಮೂರನೇ ವಾರ ಜಡಿಮಳೆ ಹಿಡಿದಾಗ ಒಂದು ದಾಳಿ ಆಯಿತು. ಐದು ದಿನ ಸ್ಟೀರಾಯ್ಡ್ ಕೊಡಬೇಕಾಯಿತು. ಈ ಸಲ ಕೈ ನಡುಗಲಿಲ್ಲ, ಹೊಟ್ಟೆಯಲ್ಲಿ ಏನಿದೆ ಅಂತ ಗೊತ್ತಿತ್ತು. ಆಸ್ಪತ್ರೆ ಸೇರಲಿಲ್ಲ. ಅಕ್ಟೋಬರಿನಲ್ಲಿ 360.

ಹದಿನಾಲ್ಕು ಮೆಟ್ಟಿಲನ್ನು ಈಗ ನಿಲ್ಲದೆ ಹತ್ತುತ್ತಾರೆ. ಗದ್ದೆಗೆ ಗಮ್‌ಬೂಟ್ಸ್ ತಂದಿದ್ದಾರೆ, ನಾಟಿಯ ದಿನ ಹಾಕಲಿಲ್ಲವಂತೆ. ಲೈನ್ ಮನೆಯ ಹಳೇ ಗುಂಡಿ ಮುಚ್ಚಿ ಹೊಸ ಕಕ್ಕಸು ಕಟ್ಟಿಸುವ ಮಾತು ಧಣಿಗಳ ಮುಂದೆ ಇದೆ. ಅದಾಗುವವರೆಗೆ ಹುಳು ಮತ್ತೆ ಬರಬಹುದು ಅಂತ ಇಬ್ಬರಿಗೂ ಹೇಳಿದ್ದೇನೆ. ಲೈನಿನ ಉಳಿದ ಒಂಬತ್ತು ಮನೆಯವರಿಗೂ ಡಬ್ಬಿ ಕಳಿಸಿದೆ. ಆರು ವಾಪಸ್ ಬಂದಿವೆ, ನಾಲ್ಕರಲ್ಲಿ ಮೊಟ್ಟೆ ಇತ್ತು.

ಮಗಳು ತನ್ನ ಗೈಡ್ ಹತ್ತಿರ ಹುಳು ಇರುವ ಇಲಿಗಳ ಮೇಲೂ ಪ್ರಯೋಗ ಮಾಡಬೇಕು ಅಂತ ಕೇಳಿದ್ದಾಳೆ. ಅದಕ್ಕೆ ಬೇರೆ ಕೋಣೆ, ಬೇರೆ ರ್‍ಯಾಕ್, ಬೇರೆ ಅನುಮತಿ ಬೇಕು. ಇನ್ನೂ ಸಿಕ್ಕಿಲ್ಲ. ಅಪ್ಪನ ಮುಂದಿನ ರಕ್ತಪರೀಕ್ಷೆ ಜನವರಿಯಲ್ಲಿ, ಹಲ್ಲರ್ ಮಿಲ್ಲು ಶುರುವಾಗುವ ಒಂದು ವಾರ ಮುಂಚೆ. ಡಬ್ಬಿಗಳನ್ನು ಈ ಸಲ ತಾನೇ ತಂದುಕೊಡುತ್ತೇನೆ, ಮಗಳ ಬ್ಯಾಗಿನಲ್ಲಿ ಹಾಕಿ ಕಳಿಸಲ್ಲ ಅಂತ ರೈಟರು ಮಾತು ಕೊಟ್ಟಿದ್ದಾರೆ.